ಸ್ಟೌಗೆ ಸೊಸೆಯ ವಯಸ್ಸು ಗೊತ್ತೆ?



ನಮ್ಮ ಸಂಘದ ಮೊದಲನೆಯ ಸಾಲದ ಪುಸ್ತಕ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಕೆಂಪು ಬಟ್ಟೆಯ ರಟ್ಟು, ಒಂದು ಮೂಲೆಯನ್ನು ಇಲಿ ತಿಂದಿದೆ. ಅದರಲ್ಲಿ 1998ರ ಒಂದು ಪುಟದಲ್ಲಿ ನನ್ನದೇ ಕೈಬರಹದಲ್ಲಿ ಹೀಗಿದೆ: ಸಾಲದ ಮೊತ್ತ 8,000, ಉದ್ದೇಶ ಹಸು. ಆ ಹಸುವನ್ನು ನಮ್ಮಲ್ಲಿ ಯಾರೂ ನೋಡಲಿಲ್ಲ. ಯಾಕೆಂದರೆ ಹಸು ಇರಲೇ ಇಲ್ಲ. ಆ ದುಡ್ಡಿಗೆ ಕಿವಿಯ ಓಲೆ ಮಾರಿದ ದುಡ್ಡನ್ನೂ ಸೇರಿಸಿ ಯಶವಂತಪುರದ ಕಡೆಯ ಅಳಿಯನಿಗೆ ಮೊಪೆಡ್ ಕೊಡಿಸಲಾಯಿತು. ಸಾಲ ತೆಗೆದವರು ನನಗಿಂತ ಹಿರಿಯರು, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಪುಸ್ತಕ ಬರೆಯುವಾಗ ನಾನು ಪೆನ್ನು ಎತ್ತಿ ಅವರ ಮುಖ ನೋಡಿದೆ. "ಹಸು ಅಂತಲೇ ಬರ್ಕೊಳ್ಳಮ್ಮ. ಅಳಿಯಂಗೆ ಗಾಡಿ ಅಂತ ಬರೆದ್ರೆ ಬ್ಯಾಂಕಿನೋರು ಕೊಡ್ತಾರಾ?" ಎಂದರು. ಬರೆದೆ.

ಒಂದೂವರೆ ವರ್ಷಕ್ಕೆ ಆ ಹುಡುಗಿ ಸುಟ್ಟುಕೊಂಡು ಸತ್ತಳು. ಠಾಣೆಯ ಕಾಗದದಲ್ಲಿ, ಅಡುಗೆ ಮಾಡುವಾಗ ಆಕಸ್ಮಿಕವಾಗಿ ಸ್ಟೌ ಸಿಡಿದು ಎಂದು ಬರೆದರು. ಯುಡಿಆರ್ ಕೇಸು ಎಂದು ಮುಗಿಸಿದರು. ಹನ್ನೊಂದನೆಯ ದಿನದ ತಿಥಿಗೆ ನಾವು ನಾಲ್ಕು ಜನ ಯಲಹಂಕದಿಂದ ಬಸ್ಸು ಹಿಡಿದು ಹೋಗಿದ್ದೆವು. ಸಿಡಿಯಿತು ಎಂದ ಆ ಸ್ಟೌ ಅಡುಗೆಮನೆಯ ಕಟ್ಟೆಯ ಮೇಲೆಯೇ ಇತ್ತು. ಅದರ ಮೇಲೆ ಬಂದವರಿಗೆ ಕಾಫಿ ಕಾಯುತ್ತಿತ್ತು.

ಆ ಹುಡುಗಿಯ ಬದುಕಿನ ಬಗ್ಗೆ ಈ ದೇಶದ ದಾಖಲೆಯಲ್ಲಿ ಉಳಿದಿರುವುದು ಎರಡೇ ಸಾಲು. ಒಂದರಲ್ಲಿ ಇಲ್ಲದ ಹಸು, ಇನ್ನೊಂದರಲ್ಲಿ ಸಿಡಿಯದ ಸ್ಟೌ. ಮೊದಲನೆಯದನ್ನು ಬರೆದವಳು ನಾನು. ಅದಕ್ಕೇ ಅಂಕಿ-ಸಂಖ್ಯೆಗಳ ಬಗ್ಗೆ ನಾನು ಬರೆಯಬೇಕಾಗಿದೆ. ನಾನೇನು ಸಂಖ್ಯಾಶಾಸ್ತ್ರ ಓದಿದವಳಲ್ಲ, ಎಸ್ಸೆಸ್ಸೆಲ್ಸಿ ಪಾಸು. ಆದರೆ ಸರ್ಕಾರ ನಮಗಾಗಿ ಮಾಡುವ ಪ್ರತಿಯೊಂದು ಯೋಜನೆಯೂ ಒಂದು ಅಂಕಿಯಿಂದ ಹುಟ್ಟುತ್ತದೆ. ಆ ಅಂಕಿ ಇಂಥದೇ ಒಂದು ಕಾಲಂನಿಂದ ಹುಟ್ಟುತ್ತದೆ. ಕಾಲಂ ತುಂಬುವವರು ಸುಳ್ಳು ಬರೆದರೆ ಮಂತ್ರಿಯವರೆಗೂ ಹೋಗುವುದು ಸುಳ್ಳೇ.

ಆಗಿನ ದಿನಗಳನ್ನು ನೆನಪಿಸಿಕೊಳ್ಳಿ. ಬೆಳಗಿನ ಪೇಪರಿನ ಒಳಪುಟದಲ್ಲಿ, ಸಿನಿಮಾ ಜಾಹೀರಾತಿನ ಪಕ್ಕದಲ್ಲಿ, ನಾಲ್ಕು ಸಾಲಿನ ಸುದ್ದಿ ಇರುತ್ತಿತ್ತು: ಸ್ಟೌ ಸಿಡಿದು ಗೃಹಿಣಿ ಸಾವು. ಇವತ್ತು ಒಬ್ಬಳು, ನಾಳೆ ಇನ್ನೊಬ್ಬಳು. ಒಂದೊಂದಾಗಿ ಓದಿದರೆ ಅಯ್ಯೋ ಪಾಪ ಎನ್ನಿಸುತ್ತಿತ್ತು. ಯಾರೂ ಕೂಡಿಸಿ ನೋಡಿರಲಿಲ್ಲ. 1979ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ಕೂಡಿಸಿದರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋದರು, ಸತ್ತವರ ತೌರುಮನೆಗಳಿಗೆ ಹೋದರು, ಪೊಲೀಸರ ದಾಖಲೆಗಳನ್ನೇ ಇಟ್ಟುಕೊಂಡು ಲೆಕ್ಕ ತೆಗೆದರು. 1997ರ ಒಂದೇ ವರ್ಷದಲ್ಲಿ ಬೆಂಗಳೂರು ನಗರದಲ್ಲಿ ಅಸಹಜವಾಗಿ ಸತ್ತ ಹೆಂಗಸರು 1,133. ದಿನಕ್ಕೆ ಮೂವರು! ಇದರಲ್ಲಿ ಕೊಲೆ ಎಂದು ಬರೆದುಕೊಂಡದ್ದು 157. ಆತ್ಮಹತ್ಯೆ ಎಂದದ್ದು 546. ಉಳಿದ 430 ಸಾವುಗಳು ಆಕಸ್ಮಿಕ.

ನಾನೂರ ಮೂವತ್ತು ಆಕಸ್ಮಿಕಗಳು. ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ಕೂತುಕೊಳ್ಳೋಣ. ಸೀಮೆಎಣ್ಣೆಯ ಪಂಪ್ ಸ್ಟೌ ಅಪಾಯದ ವಸ್ತು, ನಿಜ. ನಾವೆಲ್ಲ ಅದರ ಪಿನ್ನು ಚುಚ್ಚಿ, ಪಂಪು ಒತ್ತಿ, ಹೊಗೆ ಕುಡಿದು ಅಡುಗೆ ಮಾಡಿದವರೇ. ಆದರೆ ಸ್ಟೌ ಸಿಡಿಯುವುದು ಅದರ ದೋಷದಿಂದಾದರೆ, ಆ ಹೊತ್ತಿಗೆ ಅದರ ಮುಂದೆ ಯಾರಿರುತ್ತಾರೋ ಅವರು ಸುಡಬೇಕು. ಅತ್ತೆ ಸುಡಬೇಕು, ನಾದಿನಿ ಸುಡಬೇಕು, ಹೋಟೆಲಿನಲ್ಲಿ ದಿನವೆಲ್ಲ ಬೆಂಕಿಯ ಮುಂದೆ ನಿಲ್ಲುವ ಗಂಡಸರು ಸಾಲುಸಾಲಾಗಿ ಸುಡಬೇಕು. ಮದುವೆಯಾಗಿ ಇಪ್ಪತ್ತು ವರ್ಷವಾದವಳೂ ಮದುವೆಯಾಗಿ ಎರಡು ವರ್ಷವಾದವಳೂ ಒಂದೇ ಸಮನಾಗಿ ಸುಡಬೇಕು. ಹಾಗೆ ಆಗುತ್ತದೆಯೆ? ತೌರುಮನೆಯಲ್ಲಿ ಹತ್ತು ವರ್ಷ ಅದೇ ಬಗೆಯ ಸ್ಟೌ ಹಚ್ಚಿದವಳಿಗೆ ಏನೂ ಆಗದೆ, ಗಂಡನ ಮನೆಗೆ ಬಂದ ಮೇಲೆ ಅದು ಸಿಡಿಯುತ್ತದೆ ಎಂದರೆ, ಸ್ಟೌಗೆ ಸೊಸೆಯ ವಯಸ್ಸು ಗೊತ್ತೆ? ಅವಳು ಎಷ್ಟು ತಂದಳು, ಇನ್ನೆಷ್ಟು ಬಾಕಿ ಎಂಬುದು ಗೊತ್ತೆ?

ಸಂಖ್ಯಾಶಾಸ್ತ್ರ ಎಂದರೆ ಇಷ್ಟೇ, ಗೆಳತಿಯರೇ. ಒಂದು ಸಾವನ್ನು ನೋಡಿದರೆ ಅದು ವಿಧಿ. ಸಾವಿರ ಸಾವುಗಳನ್ನು ವಯಸ್ಸಿನ ಪ್ರಕಾರ, ಮದುವೆಯಾದ ವರ್ಷದ ಪ್ರಕಾರ, ಗಂಡು-ಹೆಣ್ಣಿನ ಪ್ರಕಾರ ಜೋಡಿಸಿ ಇಟ್ಟರೆ ವಿಧಿ ಎಂಬ ಮಾತು ನಿಲ್ಲುವುದಿಲ್ಲ. 2009ರಲ್ಲಿ ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದೇ ಕೆಲಸವನ್ನು ಇಡೀ ದೇಶಕ್ಕೆ ಮಾಡಿದ ಒಂದು ಅಧ್ಯಯನ ಬಂತು. 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಎಂದು ಅವರು ಅಂದಾಜು ಮಾಡಿದರು. ಇವರಲ್ಲಿ ಹೆಂಗಸರು 1,06,000. ಅವರಲ್ಲೂ ಹೆಚ್ಚಿನವರು 15ರಿಂದ 34 ವರ್ಷದವರು. ಪೊಲೀಸರ ಲೆಕ್ಕದಲ್ಲಿ ಬಂದದ್ದಕ್ಕಿಂತ ಇದು ಆರು ಪಟ್ಟು ಹೆಚ್ಚು. ಸರ್ಕಾರ ಪೊಲೀಸರ ಲೆಕ್ಕವನ್ನೇ ನಂಬಿ ಕೂತರೆ ಆರರಲ್ಲಿ ಐದು ಹೆಣ ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಕಾಲಂ ಹೇಗೆ ತುಂಬುತ್ತದೆ ಎಂದು ನಿಮಗೆ ಗೊತ್ತಿರಬೇಕು. ಮೈಯೆಲ್ಲ ಸುಟ್ಟ ಹೆಂಗಸು ಆಸ್ಪತ್ರೆಯ ಮಂಚದ ಮೇಲಿರುತ್ತಾಳೆ. ಬಾಗಿಲಲ್ಲಿ ಗಂಡ ನಿಂತಿರುತ್ತಾನೆ, ಅವನ ಸೊಂಟದ ಮೇಲೆ ಅವಳ ಮಗು ಇರುತ್ತದೆ. ಆಗ ಹೇಳಿಕೆ ಬರೆದುಕೊಳ್ಳಲು ಬರುತ್ತಾರೆ. ಏನಾಯಿತಮ್ಮ? ತಾನು ಉಳಿಯುವುದಿಲ್ಲ, ಮಗು ಇವರ ಕೈಯಲ್ಲೇ ಬೆಳೆಯಬೇಕು ಎಂದು ಗೊತ್ತಾದ ತಾಯಿ ಏನು ಹೇಳಿಯಾಳು? ಸ್ಟೌ ಸಿಡಿಯಿತು ಸ್ವಾಮಿ ಎನ್ನುತ್ತಾಳೆ. ಆ ಒಂದು ಮಾತು ಮರಣಕಾಲದ ಹೇಳಿಕೆಯಾಗುತ್ತದೆ, ಹೇಳಿಕೆ ಕಾಲಂ ಆಗುತ್ತದೆ, ಕಾಲಂ ಬೆಂಗಳೂರಿನಿಂದ ದೆಹಲಿಗೆ ಹೋಗಿ ಅಂಕಿ ಆಗುತ್ತದೆ.

ಕಾನೂನಿಲ್ಲವೆ ಎಂದರೆ, ಇದೆ. 1961ರಲ್ಲಿ ವರದಕ್ಷಿಣೆ ನಿಷೇಧ ಕಾಯಿದೆ ಬಂತು. 1983ರಲ್ಲಿ 498ಎ, 1986ರಲ್ಲಿ 304ಬಿ ಬಂದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 80ನೇ ಕಲಂ ಎಂದು ನಂಬರು ಬದಲಾಗಿದೆ, ವಿಷಯ ಅದೇ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತು, ಸಾವಿಗೆ ಮುಂಚೆ ವರದಕ್ಷಿಣೆಯ ಕಿರುಕುಳ ಇತ್ತೆಂದು ತೋರಿಸಿದರೆ ಅದು ವರದಕ್ಷಿಣೆ ಸಾವು. ಈ ಏಳು ವರ್ಷದ ಗೆರೆಯನ್ನು ಗಮನಿಸಿ. ಎಂಟನೆಯ ವರ್ಷದಲ್ಲಿ ಸತ್ತವಳು ಆ ಕಾಲಂಗೆ ಬರುವುದೇ ಇಲ್ಲ. ಎಂಟನೆಯ ವರ್ಷಕ್ಕೆ ಗಂಡನ ಮನೆಯವರ ಹಸಿವು ಹಿಂಗುತ್ತದೆ ಎಂದು ಯಾವ ಶಾಸ್ತ್ರ ಹೇಳಿದೆ?

ದೆಹಲಿಯ ಅಪರಾಧ ದಾಖಲೆಗಳ ಬ್ಯೂರೋ ಪ್ರತಿ ವರ್ಷದ್ದೂ ಎರಡು ದೊಡ್ಡ ಪುಸ್ತಕ ತರುತ್ತದೆ. ಒಂದು ಅಪರಾಧಗಳದ್ದು, ಇನ್ನೊಂದು ಆಕಸ್ಮಿಕ ಸಾವು ಮತ್ತು ಆತ್ಮಹತ್ಯೆಗಳದ್ದು. 2022ರ ಅಪರಾಧದ ಪುಸ್ತಕದಲ್ಲಿ ದೇಶದಲ್ಲಿ ವರದಕ್ಷಿಣೆ ಸಾವಿನ ಪ್ರಕರಣ 6,450. ಅದೇ ವರ್ಷದ ಎರಡನೆಯ ಪುಸ್ತಕ ತೆಗೆದರೆ, ಆತ್ಮಹತ್ಯೆ ಮಾಡಿಕೊಂಡ ಗೃಹಿಣಿಯರು 25,309. ಇವರೆಲ್ಲರೂ ವರದಕ್ಷಿಣೆಗೆ ಸತ್ತರು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ನಾನೂ ಹಸು ಬರೆದಂತೆಯೇ. ಆದರೆ ಈ ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿ ಎಂದು ಮಂತ್ರಿಗಳಿಗೆ ಹೇಳುವವರು ಯಾರು? ಗೃಹಿಣಿ ಎನ್ನುವುದು ಕಸುಬಿನ ಕಾಲಂ. ಆ ಕಸುಬಿನವರು ವರ್ಷಕ್ಕೆ ಇಪ್ಪತ್ತೈದು ಸಾವಿರ ಜನ ಜೀವ ಕಳೆದುಕೊಳ್ಳುತ್ತಾರೆ. ಬೇರೆ ಯಾವುದಾದರೂ ಕಾರ್ಖಾನೆಯಲ್ಲಿ ಹೀಗಾಗಿದ್ದರೆ ಬಾಗಿಲು ಹಾಕಿಸುತ್ತಿದ್ದರು.

ಠಾಣೆಯ ಲೆಕ್ಕದಿಂದ ನೀತಿ ಮಾಡುವುದರಲ್ಲಿ ಇನ್ನೊಂದು ಮೋಸವಿದೆ. ನಮ್ಮ ಕಡೆಯ ಒಂದು ಠಾಣೆಗೆ ನಾವು ಮೂವರು ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋದಾಗ, "ಗಂಡ-ಹೆಂಡ್ತಿ ಜಗಳ, ಉಂಡು ಮಲಗೋ ತನಕ. ಕೂತು ಮಾತಾಡ್ಕೊಳ್ಳಿ" ಎಂದು ಕಳಿಸಿದರು. ದೂರು ಬರೆದುಕೊಳ್ಳಲಿಲ್ಲ. ಮನಸ್ಸಿಟ್ಟು ದೂರು ಬರೆದುಕೊಳ್ಳುವ ಠಾಣೆಯ ಹದ್ದಿನಲ್ಲಿ ಅಪರಾಧ ಹೆಚ್ಚಾದಂತೆ ಕಾಣುತ್ತದೆ, ಬಾಗಿಲಿಂದಲೇ ಓಡಿಸುವ ಠಾಣೆಯ ಹದ್ದಿನಲ್ಲಿ ರಾಮರಾಜ್ಯ. ಈ ಲೆಕ್ಕ ನೋಡಿ ಎಲ್ಲಿ ಸಾಂತ್ವನ ಕೇಂದ್ರ ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸಿದರೆ, ಹೊಡೆತ ತಿಂದೂ ಬಾಯಿ ಬಿಡಲಾಗದ ಹೆಂಗಸರಿಗೆ ಇನ್ನೊಂದು ಹೊಡೆತ.

ಹಾಗಾದರೆ ನಿಜ ತಿಳಿಯುವುದು ಹೇಗೆ? ಅನ್ನ ಬೆಂದಿದೆಯೋ ಇಲ್ಲವೋ ಎಂದು ನೋಡಲು ನಾವು ಇಡೀ ತಪ್ಪಲೆ ಖಾಲಿ ಮಾಡುವುದಿಲ್ಲ, ಒಂದಗುಳು ಹಿಸುಕುತ್ತೇವೆ. ಆದರೆ ಒಳ್ಳೆಯ ಅಡುಗೆಯವಳು ಮೇಲಿನ ಅಗುಳು ತೆಗೆಯುವುದಿಲ್ಲ, ಸೌಟು ಹಾಕಿ ತಳದಿಂದ ತಿರುವಿ ತೆಗೆಯುತ್ತಾಳೆ. ಮಾದರಿ ಸಮೀಕ್ಷೆ ಎಂದರೆ ಇದೇ. ಇದು ನಮ್ಮ ದೇಶಕ್ಕೆ ಹೊಸದೂ ಅಲ್ಲ. ಪಿ.ಸಿ. ಮಹಲನೋಬಿಸ್ ಅವರ ಕಾಲದಲ್ಲಿ, 1950ರಲ್ಲೇ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಈ ಶಾಸ್ತ್ರದಲ್ಲಿ ಜಗತ್ತೇ ಗೌರವಿಸಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಠಾಣೆಯ ಲೆಕ್ಕ ಮೇಲಿನ ಅಗುಳು. ತಳದಿಂದ ತಿರುವಿ ತೆಗೆದದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರಲ್ಲಿ ಮನೆಗಳನ್ನು ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ದೌರ್ಜನ್ಯದ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬಳಿಗೆ ಮಾತ್ರ, ಬೇರೆ ಯಾರೂ ಇಲ್ಲದ ಕಡೆ ಕೂರಿಸಿಕೊಂಡು ಕೇಳಬೇಕು. ಏಕಾಂತ ಸಿಗದಿದ್ದರೆ ಕೇಳಲೇಬಾರದು ಎಂಬ ನಿಯಮವಿದೆ. ಹೊಡೆದನೇ ಎಂದು ಒಂದೇ ಮಾತಿನಲ್ಲಿ ಕೇಳುವುದಿಲ್ಲ. ಕೆನ್ನೆಗೆ ಹೊಡೆದನೇ, ಕೂದಲು ಹಿಡಿದು ಎಳೆದನೇ, ತಳ್ಳಿದನೇ, ಒದ್ದನೇ ಎಂದು ಬಿಡಿಸಿ ಬಿಡಿಸಿ ಕೇಳುತ್ತಾರೆ. ಒಂದೇ ಮಾತಿನಲ್ಲಿ ಕೇಳಿದರೆ ನಾವು ಏನು ಹೇಳುತ್ತೇವೆಂದು ನನಗೂ ಗೊತ್ತು, ನಿಮಗೂ ಗೊತ್ತು: "ಇಲ್ಲಮ್ಮ, ಅಂಥಾದ್ದೇನಿಲ್ಲ, ಒಂದೇಟು ಹೊಡೀತಾರೆ ಅಷ್ಟೆ."

ಹೀಗೆ ಕೇಳಿದಾಗ ಕರ್ನಾಟಕದಲ್ಲಿ ಬಂದ ಉತ್ತರ ನೋಡಿ. ಗಂಡನ ದೌರ್ಜನ್ಯ ಅನುಭವಿಸಿದ್ದೇವೆ ಎಂದವರು 2015-16ರ ಸಮೀಕ್ಷೆಯಲ್ಲಿ ನೂರಕ್ಕೆ 20.6. ಮುಂದಿನ ಸುತ್ತಿನಲ್ಲಿ, 2019ರಲ್ಲಿ ಕೇಳಿದಾಗ, ನೂರಕ್ಕೆ 44.4! ಇಡೀ ದೇಶದ ಅಂಕಿ 31.2ರಿಂದ 29.3ಕ್ಕೆ ಇಳಿದಿದ್ದಾಗ ನಮ್ಮದು ಎರಡು ಪಟ್ಟು ದಾಟಿತು. ವಿಚಾರವಂತರೆನ್ನಿಸಿಕೊಂಡವರೇ ಎರಡು ಮಾತಾಡಿದರು. ಕೆಲವರು ಸಮೀಕ್ಷೆಯೇ ತಪ್ಪು ಎಂದರು. ಇನ್ನು ಕೆಲವರು ನಾಲ್ಕು ವರ್ಷದಲ್ಲಿ ಕನ್ನಡ ನಾಡಿನ ಗಂಡಸರು ಎರಡರಷ್ಟು ಕೆಟ್ಟರು ಎಂದು ಕೈ ಚೆಲ್ಲಿದರು. ನನಗೆ ಅನ್ನಿಸುವುದು ಬೇರೆ. ನಾಲ್ಕು ವರ್ಷದಲ್ಲಿ ಗಂಡಸರು ಇಷ್ಟು ಬದಲಾಗಲಾರರು, ಅವರ ಆಲಸ್ಯ ನಮಗೆ ಗೊತ್ತು. ಕೇಳುವ ರೀತಿ ಬದಲಾದರೆ, ಕೇಳುವವಳ ಮೇಲೆ ನಂಬಿಕೆ ಬಂದರೆ, ಮುಚ್ಚಿಟ್ಟದ್ದು ಬಾಯಿಗೆ ಬರುತ್ತದೆ. ಅಂದರೆ 20.6 ಎಂಬುದು ನಮ್ಮ ಮೌನವೂ ಸೇರಿದ ಅಂಕಿ ಆಗಿದ್ದಿರಬಹುದು. ಯಾವುದು ಎಷ್ಟು ಎಂದು ಬಿಡಿಸಿ ಹೇಳುವುದು ಸರ್ಕಾರದ ಕೆಲಸ. ಬಿಡಿಸದೆ, ಅಂಕಿ ಇಳಿದಾಗ ಹಾರ ಹಾಕಿಸಿಕೊಳ್ಳುವುದು, ಏರಿದಾಗ ಅಂಕಿಯನ್ನೇ ಬೈಯುವುದು ಯಾವ ನ್ಯಾಯ?

ಅದೇ ಸಮೀಕ್ಷೆಯ ಇನ್ನೊಂದು ಪ್ರಶ್ನೆ ನಮ್ಮ ಕೆನ್ನೆಗೇ ಹೊಡೆಯುತ್ತದೆ. ಹೆಂಡತಿಗೆ ಹೊಡೆಯುವುದು ಕೆಲವು ಸಂದರ್ಭಗಳಲ್ಲಿ ಸರಿ ಎಂದು ಒಪ್ಪಿದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 82, ಹೆಂಗಸರಲ್ಲಿ ಸುಮಾರು 77. ನಡುವೆ ಬರೀ ಐದರ ಅಂತರ! ಸಭೆಯಲ್ಲಿ ಇದನ್ನು ಓದಿದಾಗ ನಮ್ಮಲ್ಲಿ ಇಬ್ಬರು ತಲೆ ತಗ್ಗಿಸಿದರು. ಒಬ್ಬಾಕೆ ಮಾತ್ರ, "ಸಾರಿಗೆ ಉಪ್ಪು ಜಾಸ್ತಿ ಆದ್ರೆ ಹೊಡೀಬಾರದು, ಸರಿ. ಎದುರು ಮಾತಾಡಿದ್ರೆ?" ಎಂದಳು. ಅವತ್ತು ಸಾಲದ ವಿಚಾರ ಮುಂದಕ್ಕೆ ಹೋಯಿತು, ರಾತ್ರಿ ಒಂಬತ್ತರವರೆಗೆ ಇದೇ ಚರ್ಚೆ.

ಅಂಕಿಯನ್ನು ನಮ್ಮ ವಿರುದ್ಧವೇ ತಿರುಗಿಸುವುದೂ ಉಂಟು. ಸುಪ್ರೀಂ ಕೋರ್ಟು 2014ರ ಜುಲೈಯಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಡುವಾಗ ಅಪರಾಧ ಬ್ಯೂರೋದ ಅಂಕಿಗಳನ್ನೇ ಎತ್ತಿಕೊಂಡಿತು. 2012ರಲ್ಲಿ 498ಎ ಅಡಿ ಬಂಧನವಾದವರು 1,97,762 ಜನ, ನೂರಕ್ಕೆ 93.6 ಪ್ರಕರಣಗಳಲ್ಲಿ ಆರೋಪಪಟ್ಟಿ, ಆದರೆ ಶಿಕ್ಷೆಯಾದದ್ದು ನೂರಕ್ಕೆ ಬರೀ 15. ವಿಚಾರಿಸದೆ ಯಾರನ್ನೂ ಬಂಧಿಸಬೇಡಿ ಎಂಬ ಮಾತಿಗೆ ನನ್ನ ತಕರಾರಿಲ್ಲ, ಬಡವರ ಮನೆಯ ಗಂಡುಮಕ್ಕಳನ್ನೂ ಪೊಲೀಸರು ಹಾಗೆಯೇ ಎಳೆದೊಯ್ಯುತ್ತಾರೆ. ನನ್ನ ತಕರಾರು ಆಮೇಲೆ ಹುಟ್ಟಿಕೊಂಡ ಗಣಿತದ ಬಗ್ಗೆ: ಹದಿನೈದು ನಿಜ, ಉಳಿದ ಎಂಬತ್ತೈದು ಸುಳ್ಳು ಕೇಸು! ಆರ್.ಟಿ. ನಗರದಲ್ಲಿ ನಾನು ಮನೆಗೆಲಸಕ್ಕೆ ಹೋಗುತ್ತಿದ್ದ ಮನೆಯ ಯಜಮಾನರು ಪೇಪರು ಮಡಿಸಿ ಇದೇ ಮಾತು ಹೇಳಿದರು. ಸಾರ್, ನಿಮ್ಮ ಮನೆಯಲ್ಲಿ ಕಳ್ಳತನವಾಗಿ ಕಳ್ಳ ಸಿಗದಿದ್ದರೆ ನಿಮ್ಮ ದೂರು ಸುಳ್ಳೇನು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಸಂಬಳದ ದಿನವಾಗಿತ್ತು.

ಆ ಎಂಬತ್ತೈದರ ಒಳಗೆ ಏನಿದೆ ಎಂದು ನಮಗೆ ಗೊತ್ತು. ಐದಾರು ವರ್ಷ ಕೋರ್ಟಿಗೆ ಅಲೆದು ಕೂಲಿ ಕಳೆದುಕೊಂಡ ತಾಯಂದಿರಿದ್ದಾರೆ. ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಅಡ್ಡ ಹಾಕಿ ಹೆದರಿಸಿದ ಭಾವಮೈದುನರಿದ್ದಾರೆ. ಎದುರುಮನೆಯಲ್ಲೇ ಇದ್ದು ನಾವೇನೂ ಕೇಳಲಿಲ್ಲ ಎಂದ ಸಾಕ್ಷಿಗಳಿದ್ದಾರೆ. ತಂಗಿಯ ಮದುವೆಗೆ ಅಡ್ಡಿಯಾಗುತ್ತದೆಂದು ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಕೂರಿಸಿ ಮಾಡಿಸಿದ ರಾಜಿಯಿದೆ. ನಿಜವಾಗಿ ಸುಳ್ಳಾದ ಕೇಸುಗಳೂ ಕೆಲವು ಇರಬಹುದು, ಇಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಬಿಡುಗಡೆ ಎಂಬ ಒಂದೇ ಕಾಲಂಗೆ ಇಷ್ಟನ್ನೂ ತುರುಕಿ, ಅದರ ಮೇಲೆ ಸುಳ್ಳು ಎಂಬ ಚೀಟಿ ಅಂಟಿಸುವುದು ಲೆಕ್ಕ ಬಲ್ಲವರು ಮಾಡುವ ಕೆಲಸವಲ್ಲ.

ಇನ್ನು ನಮ್ಮ ಮನೆಯ ಕಸವನ್ನೂ ನೋಡಬೇಕು. ಸ್ವಸಹಾಯ ಗುಂಪು ಎಂಬ ಈ ಪದ್ಧತಿ ಬೇರು ಬಿಟ್ಟದ್ದೇ ಕರ್ನಾಟಕದಲ್ಲಿ, ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಕಟ್ಟಿದ ಗುಂಪುಗಳಲ್ಲಿ. 1992ರಲ್ಲಿ ನಬಾರ್ಡು 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುಮಾಡಿತು. ಅಂದಿನಿಂದ ನಮ್ಮ ಬಗ್ಗೆ ಎಷ್ಟು ಸಮೀಕ್ಷೆ! ಚೂಡಿದಾರ್ ಹಾಕಿಕೊಂಡ ಹುಡುಗಿಯರು ಫಾರಂ ಹಿಡಿದು ಬರುತ್ತಾರೆ, ಈಗ ಕೈಯಲ್ಲಿ ಟ್ಯಾಬ್. ಉಳಿತಾಯ ಎಷ್ಟು, ಸಾಲ ಎಷ್ಟು, ಮರುಪಾವತಿ ಎಷ್ಟು? ಕಂತು ಸರಿಯಾಗಿ ಕಟ್ಟಿದರೆ ಸಬಲೀಕರಣ ಆಯಿತೆಂದು ಬರೆದುಕೊಂಡು ಹೋಗುತ್ತಾರೆ. ಆ ಅಕ್ಕ ಹಸುವಿನ ಸಾಲವನ್ನು ಒಂದು ಕಂತೂ ತಪ್ಪಿಸದೆ ಕಟ್ಟಿದರು. ಮಗಳು ಸತ್ತ ತಿಂಗಳಲ್ಲೂ ಕಟ್ಟಿದರು. ನಮ್ಮ ಸಂಘಕ್ಕೆ ಆ ವರ್ಷ ನೂರಕ್ಕೆ ನೂರು ಮರುಪಾವತಿ ಎಂದು ಶಾಲು ಹೊದಿಸಿದರು. ಆ ಶಾಲಿನ ಅಂಕಿಯಲ್ಲಿ ಆ ಹುಡುಗಿ ಎಲ್ಲಿದ್ದಳು?

ನಮ್ಮ ಸಾಲದಲ್ಲಿ ಎಷ್ಟು ಭಾಗ ವರದಕ್ಷಿಣೆಗೆ ಹೋಗುತ್ತದೆ ಎಂದು ಯಾರೂ ಕೇಳಿಲ್ಲ, ನಾವೂ ಹೇಳಿಲ್ಲ. ಪುಸ್ತಕದಲ್ಲಿ ಹಸು, ಹೊಲಿಗೆ ಮಿಷನ್ನು, ಮನೆ ರಿಪೇರಿ, ಇತರೆ. ಈ ಇತರೆ ಎಂಬ ಪದವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮದುವೆಯ ಚಿನ್ನ, ಅಳಿಯನ ಗಾಡಿ, ಬಾಣಂತನಕ್ಕೆ ಕಳಿಸದೆ ಹಿಡಿದಿಟ್ಟುಕೊಂಡಾಗ ಕೊಟ್ಟ ದಂಡ, ಎಲ್ಲವೂ ಅದರಲ್ಲಿ ಹೂತುಹೋಗಿದೆ. ಪೊಲೀಸರಿಗೆ ಆಕಸ್ಮಿಕ ಹೇಗೋ ನಮಗೆ ಇತರೆ ಹಾಗೆ. ವರದಕ್ಷಿಣೆಗೆ ಸಾಲ ಕೊಡುವುದಿಲ್ಲ ಎಂದು ಠರಾವು ಮಾಡಿದ ಸಂಘಗಳುಂಟು. ಠರಾವು ಮಾಡಿದ ಮರುದಿನದಿಂದ ಹಸುಗಳು ಇನ್ನೂ ಹೆಚ್ಚಾಗುತ್ತವೆ, ಅಷ್ಟೆ.

ಕಳೆದ ವರ್ಷ ನಮ್ಮ ಸಂಘದಲ್ಲಿ ಒಂದು ಎರಡನೆಯ ಪುಸ್ತಕ ತೆರೆದೆವು. ಅದಕ್ಕೆ ಬ್ಯಾಂಕಿನ ಸೀಲಿಲ್ಲ. ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದೆಂದು ಪುಸ್ತಕದಲ್ಲಿ ಎಲ್ಲೂ ಬರೆಯುವುದಿಲ್ಲ. ಇದಕ್ಕಾಗಿ ಮೂರು ಸಭೆ ಜಗಳವಾಯಿತು. ಮನೆ ಮಾತು ಪುಸ್ತಕಕ್ಕೆ ಯಾಕೆ, ನಾಳೆ ಗಂಡಸರ ಕೈಗೆ ಸಿಕ್ಕಿದರೆ ಗತಿಯೇನು ಎಂದವರ ಭಯ ಸುಳ್ಳಲ್ಲ. ಅದಕ್ಕೇ ಪುಸ್ತಕ ಒಬ್ಬರ ಮನೆಯಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಇರುವುದಿಲ್ಲ. ಕಾಲಂಗಳು ಇಷ್ಟೇ: ಸಾಲ ನಿಜವಾಗಿ ಯಾವುದಕ್ಕೆ ಹೋಯಿತು, ಕೇಳಿದವರು ಯಾರು, ಮದುವೆಯಾಗಿ ಎಷ್ಟು ವರ್ಷ, ಈ ತಿಂಗಳು ಮನೆಯಲ್ಲಿ ಕೈ ಎತ್ತಿದರೇ, ಠಾಣೆಗೆ ಹೋದರೇ, ಹೋದರೆ ಏನು ಬರೆದುಕೊಂಡರು. ಈ ಕಡೆಯ ಕಾಲಂ ಸೇರಿಸಿ ಎಂದು ಹಟ ಹಿಡಿದವರು ಆ ಅಕ್ಕನೇ. ಈಗ ಅವರಿಗೆ ಎಪ್ಪತ್ತು ದಾಟಿದೆ, ಕಣ್ಣು ಮಂಜು, ಆದರೂ ಸಭೆ ತಪ್ಪಿಸುವುದಿಲ್ಲ.

ಒಂದು ಸಂಘದ ಲೆಕ್ಕ ಒಂದಗುಳೂ ಅಲ್ಲ ಎಂದು ನನಗೆ ಗೊತ್ತು. ಯಲಹಂಕದಿಂದ ಯಶವಂತಪುರದವರೆಗೆ ನಮ್ಮಂಥ ಸಂಘಗಳು ಎಷ್ಟಿವೆ, ಒಂದೇ ಬಗೆಯ ಕಾಲಂ ಹಾಕಿಕೊಂಡರೆ ಎಷ್ಟು ಪುಟವಾಗುತ್ತದೆ, ನೀವೇ ಯೋಚಿಸಿ. ಅದನ್ನು ಕೂಡಿಸಿ ಹೇಳಲು ಓದಿದ ಹೆಣ್ಣುಮಕ್ಕಳು ಬೇಕು, ಬರಲಿ. ಫಾರಂ ಹಿಡಿದು ಬರುವ ಹುಡುಗಿಯರಿಗೂ ನಮ್ಮದೊಂದು ಷರತ್ತಿದೆ. ನಮ್ಮನ್ನು ಕೇಳಿ ಬರೆದುಕೊಂಡದ್ದನ್ನು ಕೂಡಿಸಿ ಆದ ಮೇಲೆ ವಾಪಸು ತಂದು ನಮ್ಮ ಸಭೆಯಲ್ಲಿ ಕನ್ನಡದಲ್ಲಿ ಓದಬೇಕು.

ಮೊನ್ನೆ ಬಂದ ಮೇಲ್ವಿಚಾರಕರು ಆಕಸ್ಮಿಕವಾಗಿ ಎರಡನೆಯ ಪುಸ್ತಕ ತೆರೆದರು. "ಏನಮ್ಮಾ ಇದು, ಇಂಥ ಕಾಲಂ ಯಾವ ನಮೂನೆಯಲ್ಲೂ ಇಲ್ಲವಲ್ಲ?" ಎಂದರು. ನಾನು ಬಾಯಿ ತೆರೆಯುವ ಮುಂಚೆ ಮೂಲೆಯಿಂದ ಅಕ್ಕ ಹೇಳಿದರು: "ನಿಮ್ಮ ನಮೂನೆಯಲ್ಲಿ ಇಲ್ಲ ಅಂತಲೇ ಹಾಕಿರೋದು ಸ್ವಾಮಿ. ಆ ಕಡೆ ಪುಟ ತಿರುಗಿಸಿ, ಹೋದ ತಿಂಗಳದ್ದು ಓದಿ."